ಗಿರಣಿಯ ಬಾಗಿಲಲ್ಲಿ ನಿಂಬೆಹಣ್ಣು

ಸ್ಕಾರ್‌ಬರೋ
೧೨ ಜೂನ್ ೨೦೨೩

ಅಣ್ಣಾ,

ಇದನ್ನು ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಗಿನ ಮಕ್ಕಳನ್ನು ಶಾಲೆಗೆ ಇಳಿಸಿ ಬಂದರೆ ಮಧ್ಯಾಹ್ನದ ಟ್ರಿಪ್ಪಿನವರೆಗೆ ಯಾರ್ಡಿನಲ್ಲಿ ನಾನೂ ನನ್ನ ಹಳದಿ ಬಸ್ಸೂ ಇಬ್ಬರೇ. ಕಾಗದದ ಮೇಲೆ ಬರೆದು, ಫೋಟೋ ತೆಗೆದು ಕಳಿಸುವ ಬದಲು ಫೋನಿನಲ್ಲೇ ಮಾತಾಡಿಬಿಡಬಾರದೇ ಎಂದು ನಮ್ಮವರು ನಗುತ್ತಾರೆ. ಏನು ಮಾಡಲಿ, ಮದುವೆಯಾಗಿ ಇಲ್ಲಿಗೆ ಬಂದಾಗಿನಿಂದ ನಿನಗೆ ಬರೆದೇ ರೂಢಿ. ಒತ್ತಕ್ಷರ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ವಾಪಸು ಕಳಿಸಬೇಡ. ನನಗೂ ಐವತ್ತು ದಾಟಿತು.

ಸುದ್ದಿ ಏನೆಂದರೆ, ನಿನ್ನ ಅಳಿಯ ಅಮೋಘನನ್ನು ತಂಡಕ್ಕೆ ತೆಗೆದುಕೊಂಡರು. ಯೂನಿವರ್ಸಿಟಿ ಮುಗಿಸಿ ಎಲ್ಲಾದರೂ ಆಫೀಸಿಗೆ ಸೇರುತ್ತಾನೆ ಎಂದು ನಾವು ಕಾಯುತ್ತಿದ್ದರೆ ಅವನು ಆಟವನ್ನೇ ಕೆಲಸ ಮಾಡಿಕೊಂಡ. ನೀನು ತಿಳಿದಿರುವ ಫುಟ್‌ಬಾಲ್ ಅಲ್ಲ ಇದು. ಚೆಂಡು ಎರಡೂ ತುದಿಗೆ ಚೂಪು, ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪ ಕವಚ. ಇವನು ನಿಲ್ಲುವ ಜಾಗಕ್ಕೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಚೆಂಡು ಮೊದಲು ಇವನ ಕೈಗೆ ಬರುತ್ತದೆ. ಯಾರು ಯಾವ ಕಡೆ ಓಡಬೇಕು ಎಂದು ಹೇಳುವವನೂ ಇವನೇ, ಓಡುವವನ ಕೈಗೆ ಎಸೆಯುವವನೂ ಇವನೇ. ಎದುರಿನವರಿಗೆ ಇರುವುದು ಒಂದೇ ಚಿಂತೆ, ಎಸೆಯುವ ಮೊದಲು ಇವನನ್ನು ನೆಲಕ್ಕೆ ಕೆಡವಬೇಕು. ಈ ಜಾಗದಲ್ಲಿ ಇಲ್ಲಿಯೂ ಹೆಚ್ಚಾಗಿ ಅಮೆರಿಕದ ಹುಡುಗರೇ ಇರುತ್ತಾರೆ. ಕೆನಡಾದಲ್ಲಿ ಹುಟ್ಟಿದವನಿಗೆ, ಅದೂ ನಮ್ಮಂಥ ಹೆಸರಿನವನಿಗೆ ಸಿಕ್ಕಿತೆಂದು ಮಾರ್ಕಮ್‌ನ ಕನ್ನಡದವರೆಲ್ಲ ಫೋನ್ ಮಾಡಿದರು. ತಂಡದ ಹೆಸರು ರೂಜ್ ಹೆರನ್ಸ್. ರೂಜ್ ನಮ್ಮ ಕಡೆಯ ಹೊಳೆ, ಹೆರನ್ ಅಂದರೆ ಕೊಕ್ಕರೆ. ನಗಬೇಡ.

ಏಟು ಬೀಳುವುದಿಲ್ಲವೇ ಎಂದು ಗಿರಿಜಾ ವೈನಿ ಕೇಳಿದರೆ ಹೆಲ್ಮೆಟ್ ಇರುತ್ತದೆ ಎಂದು ಹೇಳು.

ನಿನ್ನ ರಾಜಿ


ಧಾರವಾಡ
೧೯ ಜೂನ್ ೨೦೨೩

ಕೊಕ್ಕರೆಯ ತಾಯಿಗೆ ಅಣ್ಣನ ಆಶೀರ್ವಾದ.

ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಂತರ ಫೋನಿನಲ್ಲಿ ಆ ಆಟ ಹುಡುಕಿ ನೋಡಿದೆ. ಮೊದಲು ಎಲ್ಲರೂ ಗುಂಪುಕಟ್ಟಿ ಗುಸುಗುಸು ಮಾತಾಡುತ್ತಾರೆ, ಆಮೇಲೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಆಮೇಲೆ ಮತ್ತೆ ಗುಸುಗುಸು. ಆಟಕ್ಕಿಂತ ಸಭೆಯೇ ಹೆಚ್ಚು. ಗಿರಿಜಾ ಹಿಂದೆ ನಿಂತು ನೋಡಿ, ಇದೇನು ಜಗಳ ಬಿಡಿಸುವವರೇ ಇಲ್ಲವಲ್ಲ ಎಂದು ಒಳಗೆ ಹೋದಳು.

ಆದರೆ ರಾಜಿ, ನನ್ನ ಕಣ್ಣಿಗೆ ಬಿದ್ದದ್ದೇ ಬೇರೆ. ನೂರಾರು ಆಟದ ನಕ್ಷೆಗಳನ್ನು ಇವನು ತಲೆಯಲ್ಲಿ ಇಟ್ಟುಕೊಳ್ಳಬೇಕಂತೆ. ಅಂದರೆ ಇದು ತೋಳಿನ ಕೆಲಸವಲ್ಲ, ನೆನಪಿನ ಕೆಲಸ. ನೆನಪು ಅವನಿಗೆ ಎಲ್ಲಿಂದ ಬಂತು? ಹತ್ತು ವರ್ಷದವನಿದ್ದಾಗ ರಜೆಗೆ ಕಳಿಸಿದ್ದೆಯಲ್ಲ, ಆಗ ನನ್ನ ನವೋದಯ ಕೋಚಿಂಗ್ ಕ್ಲಾಸಿನ ಹುಡುಗರ ಜೊತೆ ಚಾಪೆಯ ಮೇಲೆ ಕೂರುತ್ತಿದ್ದ. ಎಲ್ಲರಿಗೂ ಹೇಳಿಕೊಡುವ ಯುಕ್ತಿಯನ್ನೇ ಅವನಿಗೂ ಹೇಳಿಕೊಟ್ಟೆ. ನೆನಪಿಡಬೇಕಾದ ವಸ್ತುಗಳನ್ನು ನಮ್ಮ ಹೊಸಯಲ್ಲಾಪುರದ ಓಣಿಯಲ್ಲಿ ಒಂದೊಂದೇ ಇಡುತ್ತ ಹೋಗಬೇಕು. ಮೊದಲನೆಯದು ಹಿಟ್ಟಿನ ಗಿರಣಿಯ ಬಾಗಿಲಲ್ಲಿ, ಎರಡನೆಯದು ಬೇವಿನ ಕಟ್ಟೆಯ ಮೇಲೆ, ಮೂರನೆಯದು ಸೈಕಲ್ ಅಂಗಡಿಯಲ್ಲಿ, ಹಾಗೇ ನಳದ ಕಟ್ಟೆ, ಹನುಮಪ್ಪನ ಗುಡಿ, ಕೊನೆಗೆ ನಮ್ಮ ಮನೆ. ಬೇಕಾದಾಗ ಕಣ್ಣು ಮುಚ್ಚಿ ಓಣಿಯಲ್ಲಿ ನಡೆದರಾಯಿತು, ಒಂದೊಂದೇ ಎತ್ತಿಕೊಳ್ಳಬಹುದು. ಮರೆಯುವ ಮಾತೇ ಇಲ್ಲ. ಹೋಗುವಷ್ಟರಲ್ಲಿ ನನ್ನ ಕ್ಲಾಸಿನ ಹುಡುಗರನ್ನೇ ಹಿಂದೆ ಹಾಕಿದ್ದ. ಕೇಳು ಅವನನ್ನು, ಆಟದ ನಕ್ಷೆಗಳನ್ನೂ ಓಣಿಯಲ್ಲೇ ಇಟ್ಟಿರುತ್ತಾನೆ.

ನನ್ನ ಕೈಯಲ್ಲಿ ಕಲಿತವನು ಫೇಲಾದದ್ದಿಲ್ಲ. ಇವನೂ ಆಗುವುದಿಲ್ಲ. ಭಾವ ಅಮರೇಶಪ್ಪನಿಗೆ ನಮಸ್ಕಾರ ಹೇಳು.

ಚನ್ನವೀರಪ್ಪ


ಸ್ಕಾರ್‌ಬರೋ
೧೦ ಸೆಪ್ಟೆಂಬರ್ ೨೦೨೪

ಅಣ್ಣಾ,

ವರ್ಷದ ಮೇಲಾಯಿತು ಸರಿಯಾಗಿ ಬರೆದು. ಬರೆಯುವಂಥದ್ದೇನೂ ಇರಲಿಲ್ಲ. ಮೊದಲ ವರ್ಷವೆಲ್ಲ ಅಮೋಘ ಮೈದಾನದ ಬದಿಯಲ್ಲಿ ಟೋಪಿ ಹಾಕಿಕೊಂಡು ನಿಂತಿದ್ದ. ಈ ಆಗಸ್ಟಿನಲ್ಲಿ ಅವರ ಮುಖ್ಯ ಕ್ವಾರ್ಟರ್‌ಬ್ಯಾಕಿಗೆ ಮೊಣಕಾಲು ಹೋಯಿತು. ಇವನನ್ನು ಒಳಗೆ ಬಿಟ್ಟರು. ಒಂದರ ಹಿಂದೆ ಒಂದು ಪಂದ್ಯ ಗೆದ್ದರು. ಟಿ.ವಿ.ಯವರಿಗೆ ಇವನ ಹೆಸರು ಹೇಳಲು ಬರುವುದಿಲ್ಲ, ಮೋ ಎಂದು ಕರೆಯುತ್ತಾರೆ. ನಮ್ಮವರು ಅವನ ಅಂಕಿಯ ಜೆರ್ಸಿ ಹಾಕಿಕೊಂಡೇ ಕಿರಾಣಿ ತರಲು ಹೋಗುತ್ತಾರೆ.

ಕಳೆದ ಶನಿವಾರ ಬಿದ್ದ. ಎಸೆಯಲು ಕೈ ಎತ್ತಿದಾಗ ಹಿಂದಿನಿಂದ ಬಂದು ಕೆಡವಿದರು, ತಲೆ ನೆಲಕ್ಕೆ ಬಡಿಯಿತು. ಎದ್ದವನು ನಮ್ಮ ಬೆಂಚಿಗೆ ಬರುವ ಬದಲು ಎದುರಾಳಿಗಳ ಬೆಂಚಿನತ್ತ ನಡೆದು ಹೋದ. ಸ್ಟೇಡಿಯಮ್ಮಿನಲ್ಲಿ ಜನ ನಕ್ಕರು. ನಾನೂ ನಕ್ಕೆ ಅಣ್ಣಾ.

ಈಗ ಒಂದು ತೊಡಕು. ತಲೆಗೆ ಏಟು ಬಿದ್ದವರಿಗೆ ಡಾಕ್ಟರರು ಒಂದು ಪರೀಕ್ಷೆ ಕೊಡುತ್ತಾರೆ. ಹತ್ತು ಪದ ಓದುತ್ತಾರೆ, ಹೇಳಬೇಕು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಬೇಕು. ಅಂಕಿಗಳನ್ನು ಹಿಂದುಮುಂದಾಗಿ ಹೇಳಬೇಕು, ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಎಣಿಸಬೇಕು, ಒಂಟಿ ಕಾಲಲ್ಲಿ ನಿಲ್ಲಬೇಕು. ಪಾಸಾಗುವವರೆಗೆ ಆಡಲು ಬಿಡುವುದಿಲ್ಲ. ಸೋಮವಾರ ಕೊಟ್ಟರು, ಅರ್ಧಕ್ಕರ್ಧ ಪದ ಬಿಟ್ಟ. ಅಮೆರಿಕದಿಂದ ಇನ್ನೊಬ್ಬ ಹುಡುಗನನ್ನು ಕರೆಸಿ ನಿಲ್ಲಿಸಿಕೊಂಡಿದ್ದಾರೆ. ಈ ಜಾಗ ಒಮ್ಮೆ ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂದು ಮಗ ಊಟ ಬಿಟ್ಟು ಕೂತಿದ್ದಾನೆ.

ಪರೀಕ್ಷೆ ಕೇಳಿದ ಕೂಡಲೇ ನಿನ್ನ ನೆನಪು ಬಂತು. ಥೇಟ್ ನಿನ್ನ ನವೋದಯದ ಪೇಪರೇ. ಶುಕ್ರವಾರ ಮತ್ತೆ ಇದೆ. ಇಲ್ಲಿ ಸಂಜೆ ಎಂದರೆ ನಿನಗೆ ನಸುಕು. ಫೋನಿನ ವಿಡಿಯೋದಲ್ಲಿ ಅವನ ಜೊತೆ ಸ್ವಲ್ಪ ಕೂರುತ್ತೀಯಾ?

ರಾಜಿ


ಧಾರವಾಡ
೧೪ ಸೆಪ್ಟೆಂಬರ್ ೨೦೨೪

ರಾಜೀ,

ಪಾಸು! ಹತ್ತಕ್ಕೆ ಹತ್ತು, ಎರಡೂ ಸಲ. ನಿನಗೆ ಅವನು ಹೇಳುವ ಮೊದಲೇ ನನಗೆ ಫೋನ್ ಮಾಡಿದ, ಸಿಟ್ಟಾಗಬೇಡ.

ಹೇಗಿತ್ತು ಗೊತ್ತಾ ಪಾಠ? ಪದಗಳು ಪ್ರತಿ ಸಲ ಬೇರೆ ಇರುತ್ತವಂತೆ. ಇರಲಿ, ನಾನು ಪದ ಕಲಿಸುವವನಲ್ಲ, ಓಣಿ ಕಲಿಸುವವನು. ನಿಂಬೆಹಣ್ಣು ಎಂದೆ, ಗಿರಣಿಯ ಬಾಗಿಲಲ್ಲಿ ಇಟ್ಟ. ಕಂಬಳಿ ಎಂದೆ, ಬೇವಿನ ಕಟ್ಟೆಯ ಮೇಲೆ ಹಾಸಿದ. ಏಣಿ ಎಂದೆ, ಸೈಕಲ್ ಅಂಗಡಿಗೆ ಒರಗಿಸಿದ. ಮೊದಲ ದಿನ ತಡವರಿಸಿದ, ಎರಡನೆಯ ದಿನ ಒಂದೂ ಬಿಡಲಿಲ್ಲ. ಹದಿನೈದು ವರ್ಷದ ಹಿಂದೆ ಒಂದೇ ಬೇಸಿಗೆ ನೋಡಿದ ಓಣಿ, ಒಂದು ಕಲ್ಲೂ ಮರೆತಿಲ್ಲ ಪೋರ. ಅಂಕಿ ತಿರುಗಿಸುವುದಕ್ಕೆ ಬೆರಳ ಗೆಣ್ಣಿನ ಲೆಕ್ಕ ತೋರಿಸಿದೆ. ಒಂಟಿ ಕಾಲಿಗೆ ಹೆಬ್ಬೆರಳನ್ನು ಹೇಗೆ ಊರಬೇಕೆಂದು ಹೇಳಿದೆ, ಅದು ನಮ್ಮ ಗರಡಿಮನೆಯ ವಿದ್ಯೆ.

ನನ್ನ ಹಿಂದಿನ ಟ್ಯೂಬ್‌ಲೈಟು ಕಣ್ಣಿಗೆ ಚುಚ್ಚುತ್ತದೆ ಎಂದ. ಆರಿಸಿ ಕತ್ತಲಲ್ಲೇ ಪಾಠ ಮಾಡಿದೆ. ನಡುನಡುವೆ ಹಣೆ ಒತ್ತಿಕೊಳ್ಳುತ್ತಿದ್ದ. ಗಿರಿಜಾ ಚಹಾ ತಂದವಳು ಇಣುಕಿ, “ಆ ಹುಡುಗಗ ಮಲಗಾಕ ಬಿಡ್ರಿ, ಮಾರಿ ಹೆಂಗಾಗೇತಿ ನೋಡ್ರಿ” ಅಂದಳು. ಪರೀಕ್ಷೆಯ ಮುಂದೆ ಎಲ್ಲ ಮಕ್ಕಳ ಮುಖವೂ ಹಾಗೇ ಇರುತ್ತದೆ ಎಂದು ನಾನು ಸುಮ್ಮನಾಗಿಸಿದೆ.

ಇನ್ನು ಚಿಂತೆ ಬಿಡು. ಎಷ್ಟು ಸಲ ಪರೀಕ್ಷೆ ಕೊಟ್ಟರೂ ಕೊಡಲಿ.

ಚನ್ನವೀರಪ್ಪ


ಸ್ಕಾರ್‌ಬರೋ
೨೧ ಅಕ್ಟೋಬರ್ ೨೦೨೪

ಅಣ್ಣಾ,

ಇವತ್ತು ಚಿಕ್ಕ ಕಾಗದ. ಅಮೋಘ ಚೆನ್ನಾಗಿದ್ದಾನೆ, ಆಡುತ್ತಿದ್ದಾನೆ. ನಡುವೆ ಇನ್ನೆರಡು ಸಲ ಬಿದ್ದ, ಎರಡು ಸಲವೂ ಪರೀಕ್ಷೆ ಕೊಟ್ಟರು, ಎರಡರಲ್ಲೂ ಪಾಸು. ಇಂಥ ನೆನಪು ನೋಡಿಲ್ಲ ಎಂದು ಡಾಕ್ಟರರೇ ಹೇಳಿದರಂತೆ. ವಾರಕ್ಕೊಮ್ಮೆ ನೀನು ಅವನ ಜೊತೆ ಕೂರುವುದು ಬಿಡಬೇಡ. ನಿನ್ನ ಪುಣ್ಯದಿಂದ ಅವನ ಜಾಗ ಉಳಿದಿದೆ.

ಆಟದ ದಣಿವು ಮಾತ್ರ ಇದೆ. ಬೇಸ್‌ಮೆಂಟಿನಲ್ಲಿ ದೀಪ ಹಾಕದೆ ಮಲಗುತ್ತಾನೆ, ಒಗ್ಗರಣೆಯ ವಾಸನೆ ಆಗುವುದಿಲ್ಲ ಎನ್ನುತ್ತಾನೆ. ಮೊನ್ನೆ ನಮ್ಮ ಮನೆಯ ಹತ್ತಿರದ ಮೆಕವನ್ ರೋಡಿನಲ್ಲಿ ಗಾಡಿ ನಿಲ್ಲಿಸಿ, ಹಾಸ್ಟೆಲಿನಲ್ಲಿರುವ ತಂಗಿಗೆ ಫೋನ್ ಮಾಡಿ, ಮನೆಗೆ ಎಡಕ್ಕೋ ಬಲಕ್ಕೋ ಎಂದು ಕೇಳಿದನಂತೆ. ನಿಧಿ ಗಾಬರಿಯಾಗಿ ನನಗೆ ಫೋನ್ ಮಾಡಿದಳು. ನಿನ್ನ ಅಣ್ಣನಿಗೆ ಮೊದಲಿನಿಂದಲೂ ತಮಾಷೆ ಜಾಸ್ತಿ ಎಂದು ಹೇಳಿದೆ. ತಮಾಷೆಯೇ ಇರಬೇಕು.

ವೈನಿಯ ಕೈಯ ಶೇಂಗಾ ಹೋಳಿಗೆ ಈ ದೀಪಾವಳಿಗೂ ನಮಗಿಲ್ಲ.

ರಾಜಿ


ಧಾರವಾಡ
೪ ನವೆಂಬರ್ ೨೦೨೪

ರಾಜೀ,

ಹಬ್ಬ ಮುಗಿಯಿತು. ನಿಮ್ಮ ಪಾಲಿನ ಹೋಳಿಗೆಯನ್ನೂ ನಾನೇ ತಿಂದೆ, ಡಾಕ್ಟರ್ ಬೈದ. ಕ್ಲಾಸಿನ ಗೋಡೆಯ ಮೇಲೆ ಅಮೋಘನ ಫೋಟೋ ದೊಡ್ಡದು ಮಾಡಿಸಿ ಹಾಕಿದ್ದೇನೆ, ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತದ್ದು. ಹುಡುಗರಿಗೆ ಹೇಳುತ್ತೇನೆ, ನೋಡಿರೋ, ಇದೇ ಚಾಪೆಯ ಮೇಲೆ ಕೂತವನು, ಇದೇ ಓಣಿಯಲ್ಲಿ ನಡೆದು ಕೆನಡಾದ ಪರೀಕ್ಷೆ ಗೆಲ್ಲುತ್ತಿದ್ದಾನೆ. ಅವರೂ ಕಣ್ಣು ಮುಚ್ಚಿ ನಡೆಯುತ್ತಾರೆ.

ಒಂದು ಮಾತು ಬರೆಯಲೋ ಬೇಡವೋ ಎಂದುಕೊಂಡೆ. ಕಳೆದ ವಾರ ಪಾಠದ ನಡುವೆ ಸೈಕಲ್ ಅಂಗಡಿಯ ಹತ್ತಿರ ಬಂದು ಸುಮ್ಮನೆ ನಿಂತುಬಿಟ್ಟ. ಮುಂದೆ ಹೋಗಪ್ಪ ಎಂದೆ. ಹೋಗಲಿಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅದು ಅವನಿಗೇ ಗೊತ್ತಿದ್ದ ಹಾಗಿರಲಿಲ್ಲ. ಮುಂದೆ ನಳದ ಕಟ್ಟೆ ಅಲ್ಲವೇನೋ ಎಂದು ನಾನೇ ಕೈಹಿಡಿದ ಹಾಗೆ ದಾಟಿಸಿದೆ. ಆಮೇಲೆ ಸರಿಹೋದ. ತಾಯಿಯನ್ನು ಹೆದರಿಸಬೇಡ ಮಾಮಾ ಎಂದ. ನೀನು ಹೆದರುವವಳಲ್ಲ, ಅದಕ್ಕೇ ಬರೆದೆ.

ಕೊನೆಯ ಪಂದ್ಯ ಈ ಶನಿವಾರವಲ್ಲವೇ? ಗೆದ್ದ ಮೇಲೆ ಬರೆ.

ಚನ್ನವೀರಪ್ಪ


ಸ್ಕಾರ್‌ಬರೋ
೧೭ ಫೆಬ್ರವರಿ ೨೦೨೫

ನೀನು ಕಳಿಸಿದ ಮೆಸೇಜುಗಳನ್ನೆಲ್ಲ ನೋಡಿದೆ. ಉತ್ತರ ಬರೆಯಲಿಲ್ಲ. ಬರೆಯಬೇಕೆನಿಸಲಿಲ್ಲ.

ಆ ಶನಿವಾರ ಅವನಿಗೆ ದೊಡ್ಡ ಏಟೇನೂ ಬೀಳಲಿಲ್ಲ. ಯಾರೋ ಪಕ್ಕದಿಂದ ತಳ್ಳಿದರು, ಅಷ್ಟೇ. ಬಿದ್ದವನು ಏಳಲಿಲ್ಲ. ಸ್ಟ್ರೆಚರಿನಲ್ಲಿ ಒಯ್ದರು. ಅಲ್ಲಿಂದ ಈಚೆಗೆ ಚಳಿಗಾಲವೆಲ್ಲ ಬೇಸ್‌ಮೆಂಟಿನಲ್ಲೇ ಇದ್ದಾನೆ. ಬೆಳಕು ಆಗುವುದಿಲ್ಲ, ಟಿ.ವಿ. ಆಗುವುದಿಲ್ಲ, ನಾನು ತಾಟು ಇಟ್ಟರೆ ಆ ಸದ್ದಿಗೆ ಕಿವಿ ಮುಚ್ಚುತ್ತಾನೆ. ಒಂದೇ ಮಾತನ್ನು ಬೆಳಗಿನಿಂದ ನಾಲ್ಕಾರು ಸಲ ಕೇಳುತ್ತಾನೆ. ಕೋಪ ಬರುತ್ತದೆ, ಆಮೇಲೆ ಅಳುತ್ತಾನೆ. ನಮ್ಮವರ ಜೆರ್ಸಿ ಬೀರುವಿನೊಳಗೆ ಹೋಯಿತು.

ಕ್ರಿಸ್‌ಮಸ್ ರಜೆಗೆ ನಿಧಿ ಬಂದಳು. ಅವನು ಕತ್ತಲಲ್ಲಿ ಕೂತು, ಫೋನಿನಲ್ಲಿ ನಿನ್ನ ಜೊತೆ ಗಿರಣಿ, ಕಟ್ಟೆ, ನಳ ಎಂದು ಹೇಳುತ್ತಿರುವುದನ್ನು ಕೇಳಿದಳು. ಇದೇನವ್ವಾ ಎಂದಳು. ಪರೀಕ್ಷೆಗೆ ಮಾಮಾ ಹೇಳಿಕೊಡುತ್ತಾರೆ ಎಂದು ನಾನು ಹೆಮ್ಮೆಯಿಂದ ಎಲ್ಲ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು.

“ಅವ್ವಾ, ಅದು ಪಾಸ್ ಆಗೂ ಎಗ್ಸಾಮ್ ಅಲ್ಲ. ತಲಿ ಒಳಗ ಪೆಟ್ಟಾಗೇತೇನು ಅಂತ ನೋಡೂದು. ಪೆಟ್ಟಾಗಿದ್ರ ಫೇಲೇ ಆಗಬೇಕು. ಯೂ ಟಾಟ್ ಹಿಮ್ ಟು ಹೈಡ್ ಇಟ್.”

ನಾನು ದಿನಾ ಬೆಳಿಗ್ಗೆ ಬಸ್ಸು ಹೊರಡಿಸುವ ಮೊದಲು ಅದರ ಸುತ್ತ ಒಂದು ಸುತ್ತು ಬಂದು ಪ್ರತಿಯೊಂದು ದೀಪ, ಟೈರು, ಬಾಗಿಲು ನೋಡುತ್ತೇನೆ. ಹಿಂದಿನ ಒಂದು ದೀಪ ಹತ್ತದಿದ್ದರೂ ಬಸ್ಸು ಯಾರ್ಡು ಬಿಡುವಂತಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ನಾನು ತಪಾಸಣೆಯ ಪಟ್ಟಿಯಲ್ಲಿ ಸುಳ್ಳು ಟಿಕ್ ಹಾಕಿಲ್ಲ, ಒಳಗೆ ಕೂರುವವು ಯಾರದೋ ಮಕ್ಕಳು ಎಂದು. ನನ್ನ ಮಗನ ದೀಪ ಆರಿದ್ದನ್ನು ಕಣ್ಣಾರೆ ನೋಡಿದೆ. ನೋಡಿ ನಿನ್ನನ್ನು ಕರೆದೆ. ನೀನು ಬಂದು ಆ ದೀಪ ಉರಿಯುತ್ತಿರುವ ಹಾಗೆ ತೋರಿಸಿಕೊಟ್ಟೆ. ನಾನೇ ಕರೆದದ್ದು, ಒಪ್ಪುತ್ತೇನೆ. ಆದರೂ ನಿನ್ನ ಮೇಲೆ ಸಿಟ್ಟಿದೆ. ಐವತ್ತು ವರ್ಷ ಮಕ್ಕಳ ಮುಖ ನೋಡಿದವನು ನೀನು. ಅವನ ಕಣ್ಣಲ್ಲಿ ನೀರು ಇಳಿಯುವಾಗ ಕೈಹಿಡಿದು ದಾಟಿಸಿದೆಯಲ್ಲ ಅಣ್ಣಾ.

ಇನ್ನು ಅವನಿಗೆ ಫೋನ್ ಮಾಡಬೇಡ.


ಧಾರವಾಡ
೧೦ ಮಾರ್ಚ್ ೨೦೨೫

ರಾಜಿ,

ಬರೆದೆ, ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ನನಗೆ ಯಾರೂ ಹೇಳಲಿಲ್ಲ ಎಂದು ಒಮ್ಮೆ ಬರೆದಿದ್ದೆ. ಗಿರಿಜಾ ಓದಿ, ನಾನು ಹೇಳಿದ್ದೆನಲ್ಲ ಎಂದಳು. ಅದಕ್ಕೆ ಅದನ್ನೂ ಹರಿದೆ.

ಪರೀಕ್ಷೆ ಎಂದರೆ ಮಗು ಪಾಸಾಗಬೇಕು. ಇದರ ಆಚೆಗೆ ನಾನು ಯಾವತ್ತೂ ಯೋಚನೆ ಮಾಡಿದವನಲ್ಲ. ಯಾಕೆ ಕೊಡುತ್ತಾರೆ ಎಂದು ಒಂದು ಸಲ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಗೋಡೆಯ ಫೋಟೋ ತೆಗೆದಿಟ್ಟೆ. ಯಾಕೆ ತೆಗೆದಿರಿ ಸರ್ ಎಂದು ಹುಡುಗರು ಕೇಳಿದರು. ಮಗ್ಗಿ ಬರೆಯಿರಿ ಎಂದೆ.

ಫೋನ್ ಮಾಡುವುದಿಲ್ಲ. ಅವನೇ ಮಾಡಿದರೆ ಎತ್ತಲೋ ಬೇಡವೋ, ಅದೊಂದು ಹೇಳು. ಎರಡು ಸಲ ಮಾಡಿದ್ದ. ಗಂಟೆ ಬಡಿಯುತ್ತಲೇ ಇತ್ತು, ಗಿರಿಜಾಳೂ ನಾನೂ ಫೋನ್ ನೋಡುತ್ತ ಕೂತಿದ್ದೆವು.

ಅಣ್ಣ


ಸ್ಕಾರ್‌ಬರೋ
೨೮ ಏಪ್ರಿಲ್ ೨೦೨೫

ಅಣ್ಣಾ,

ಸಿಟ್ಟು ಮಾಡಿಕೊಳ್ಳಲೂ ಈಗ ಶಕ್ತಿಯಿಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕು.

ಚಳಿ ಹೋಗುತ್ತಿದ್ದ ಹಾಗೆ ಅವನಿಗೆ ತಲೆನೋವು ಸ್ವಲ್ಪ ಕಡಿಮೆಯಾಯಿತು. ಬೆಳಕಿಗೆ ಕರಿ ಕನ್ನಡಕ ಹಾಕಿಕೊಂಡು ಹಿತ್ತಲಲ್ಲಿ ಚೆಂಡು ಎಸೆಯುತ್ತಾನೆ. ಮೇ ತಿಂಗಳ ನಡುವಿಗೆ ತಂಡದ ಕ್ಯಾಂಪ್ ಶುರು. ಹೋಗಿಯೇ ಹೋಗುತ್ತೇನೆ ಎನ್ನುತ್ತಾನೆ. ನನಗೆ ಬರುವುದು ಇದೊಂದೇ ಅವ್ವಾ, ಇದನ್ನೂ ಬಿಟ್ಟರೆ ನಾನು ಯಾರು ಎನ್ನುತ್ತಾನೆ. ಇನ್ನೊಂದು ಏಟು ಬಿದ್ದರೆ ಏನಾಗುತ್ತದೆ ಎಂದು ನಿಧಿ ನನಗೆ ಹೇಳಿದ್ದಾಳೆ. ಅದನ್ನು ನಾನು ಇಲ್ಲಿ ಬರೆಯಲಾರೆ. ನಮ್ಮವರು ಅವನ ಮುಂದೆ ಕೈ ಜೋಡಿಸಿ ನಿಂತರು. ಅಪ್ಪ ಕೈ ಜೋಡಿಸಿದ್ದನ್ನು ನೋಡಿ ಅತ್ತ, ಆದರೂ ಹೋಗುತ್ತೇನೆ ಎಂದ. ವಯಸ್ಸಿಗೆ ಬಂದ ಮಗ, ಕಟ್ಟಿಹಾಕಲು ಆಗುತ್ತದೆಯೇ.

ಕ್ಯಾಂಪಿನ ಮೊದಲು ಮಾರ್ಕಮ್‌ನ ಮಿದುಳಿನ ತಜ್ಞರು ನೋಡಿ ಹೂಂ ಅನ್ನಬೇಕು. ಕಳೆದ ವಾರ ಮೊದಲ ಸಲ ತೋರಿಸಿದೆವು. ಪರೀಕ್ಷೆಗೆ ಮಾಮಾ ಹೇಳಿಕೊಟ್ಟಿದ್ದಾರೆ ಎಂದು ನಾನೇ ಡಾಕ್ಟರರ ಮುಂದೆ ಬಾಯಿಬಿಟ್ಟು ಹೇಳಿದೆ. ನೆನಪಿಡುವ ಯುಕ್ತಿ ಎಲ್ಲರಿಗೂ ಇರುತ್ತದೆ, ಪೆಟ್ಟಾದ ತಲೆಗೆ ಆ ಯುಕ್ತಿಯೂ ನೆನಪಿರುವುದಿಲ್ಲ ಎಂದರು. ಹತ್ತು ಪದ ಓದಿದರು. ಅವನು ಕಣ್ಣು ಮುಚ್ಚಿದ. ನನಗೆ ಗೊತ್ತಾಯಿತು, ನಿನ್ನ ಓಣಿಗೆ ಹೋದ. ಹತ್ತನ್ನೂ ತಂದ. ಉಳಿದದ್ದರಲ್ಲಿ ತುಸು ನಿಧಾನ, ಆದರೆ ನೆನಪು ಇಷ್ಟು ಗಟ್ಟಿಯಿದೆಯಲ್ಲ ಎಂದು ಡಾಕ್ಟರರು ಸಂತೋಷಪಟ್ಟರು. ಹೊರಗೆ ಬಂದರೆ, ನನ್ನ ಕಾರಿನಲ್ಲಿ ಬಂದದ್ದು ಅವನಿಗೆ ನೆನಪಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ತನ್ನ ಕಾರು ಹುಡುಕುತ್ತ ತಿರುಗುತ್ತಿದ್ದ. ಓಡಿಹೋಗಿ ಅದನ್ನೂ ಹೇಳಿದೆ. ಪಾರ್ಕಿಂಗಿನಲ್ಲಿ ನಾನೂ ಮರೆಯುತ್ತೇನೆ ಎಂದು ಡಾಕ್ಟರರು ಸಮಾಧಾನ ಮಾಡಿದರು.

ರಾತ್ರಿ ಅವನನ್ನು ಬೇಡಿಕೊಂಡೆ, ಮುಂದಿನ ಸಲ ಓಣಿಗೆ ಹೋಗಬೇಡ ಮಗಾ ಎಂದು. “ನಾ ಹೋಗೂದಿಲ್ಲವ್ವಾ, ಕಣ್ಣ ಮುಚ್ಚಿದ್ರ ಅಲ್ಲೇ ಇರ್ತೀನಿ,” ಅಂದ. ತನ್ನ ಮನೆಯ ರಸ್ತೆ ಮರೆತವನಿಗೆ ನಿನ್ನ ಓಣಿ ಮರೆಯುವುದಿಲ್ಲ.

ಕಲಿಸಿದವನು ನೀನು. ಮರೆಸು. ಮೇ ಹದಿನೈದನೆಯ ತಾರೀಖಿಗೆ ಕೊನೆಯ ಪರೀಕ್ಷೆ. ನನ್ನ ಮಗ ಅದರಲ್ಲಿ ಫೇಲಾಗಬೇಕು. ಎಂಥ ಮಾತು ಬರೆಯುತ್ತಿದ್ದೇನೆ ನೋಡು.

ರಾಜಿ


ಧಾರವಾಡ
೯ ಮೇ ೨೦೨೫

ರಾಜೀ,

ಫೇಲಾಗುವುದನ್ನು ಯಾರಿಗೂ ಕಲಿಸಿದವನಲ್ಲ. ಹೇಗೆಂದು ನನಗೆ ತಿಳಿಯದು. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತೇನೆ ಎಂದುಕೊಂಡೆ.

ಅವನಿಗೆ ಒಂದು ವಿಷಯ ನಾನು ಹೇಳಿಯೇ ಇರಲಿಲ್ಲ. ಅವನು ನೋಡಿದ ಓಣಿ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಗಿರಣಿ ಕೆಡವಿದರು, ಬೇವಿನ ಮರ ಕಡಿದರು. ಸೈಕಲ್ ಅಂಗಡಿಯ ಜಾಗದಲ್ಲಿ ಮೊಬೈಲ್ ಅಂಗಡಿ ಬಂದು, ಅದೂ ಮುಚ್ಚಿದೆ. ಪಾಠಕ್ಕೆ ಹಳೆಯ ಓಣಿಯೇ ಒಳ್ಳೆಯದೆಂದು ನಾನು ಸುಮ್ಮನಿದ್ದೆ.

ಇವತ್ತು ನಸುಕಿನಲ್ಲಿ ವಿಡಿಯೋ ಹಚ್ಚಿ, ಫೋನನ್ನು ಮುಂದೆ ಹಿಡಿದುಕೊಂಡು ಮೊದಲಿನಿಂದ ನಡೆದೆ. ಗಿರಣಿ ಇದ್ದ ಜಾಗದಲ್ಲಿ ನಿಂತು, “ನೋಡಪ್ಪಾ, ಇಲ್ಲೇನೂ ಇಲ್ಲ” ಎಂದೆ. ಕಟ್ಟೆ ಇದ್ದಲ್ಲಿ ಗಟಾರ, ನಳ ಇದ್ದಲ್ಲಿ ಸಿಮೆಂಟು, ಅದನ್ನೂ ತೋರಿಸಿದೆ. ಅವನು ಕರಿ ಕನ್ನಡಕ ತೆಗೆದು ನೋಡುತ್ತಿದ್ದ. ಹಾಲಿನವನು ನನ್ನನ್ನು ನೋಡಿ, ಮಾಸ್ತರಿಗೆ ಏನಾಯಿತು ಎಂಬ ಹಾಗೆ ನಿಂತುಕೊಂಡ. ಐವತ್ತು ವರ್ಷ ಅದೇ ಓಣಿಯಲ್ಲಿ ಮಕ್ಕಳನ್ನು ನಡೆಸಿದ್ದೇನೆ, ಇವತ್ತು ನಾನೇ ಅದನ್ನು ಒಂದೊಂದಾಗಿ ಕೆಡವಿದೆ.

ಮನೆಯ ಮುಂದೆ ಬಂದು ನಿಂತಾಗ ಕೇಳಿದ, “ಹಂಗಾದ್ರ ಈಗ ನಿಂಬಿಹಣ್ಣು ಎಲ್ಲೆ ಇಡಲಿ ಮಾಮಾ?”

“ಎಲ್ಲೂ ಇಡಬ್ಯಾಡಪ್ಪಾ. ಕೈಯಾಗ ಹಿಡಕೊ. ಬಿದ್ರ ಬೀಳಲಿ,” ಎಂದೆ.

ಅವನಿಗೆ ತಿಳಿಯಿತೋ ಇಲ್ಲವೋ ಗೊತ್ತಿಲ್ಲ. ಥ್ಯಾಂಕ್ಸ್ ಮಾಮಾ ಎಂದು ಫೋನ್ ಇಟ್ಟ. ಪಾಠ ಮುಗಿದಾಗ ಯಾವಾಗಲೂ ಹಾಗೇ ಹೇಳುತ್ತಾನೆ.

ಅಣ್ಣ


ಸ್ಕಾರ್‌ಬರೋ
೧೬ ಮೇ ೨೦೨೫

ಅಣ್ಣಾ,

ಫೇಲ್.

ಡಾಕ್ಟರರು ಹತ್ತು ಪದ ಓದಿದರು. ಅವನು ಕಣ್ಣು ಮುಚ್ಚಿದ. ಬಹಳ ಹೊತ್ತು ಮುಚ್ಚಿಕೊಂಡೇ ಇದ್ದ. ಮೂರು ಹೇಳಿದ. ಅರ್ಧ ತಾಸಿನ ಮೇಲೆ ಕೇಳಿದಾಗ ಒಂದೂ ಇರಲಿಲ್ಲ. ಡಾಕ್ಟರರು ಪೆನ್ನು ಕೆಳಗಿಟ್ಟು ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದರು. ಆಡುವಂತಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಈ ವರ್ಷ ಮಾತ್ರವಲ್ಲ.

ಬೇಕೆಂದೇ ಬಿಟ್ಟನೋ, ನಿಜವಾಗಿಯೂ ಉಳಿಯಲಿಲ್ಲವೋ ನನಗೆ ತಿಳಿಯುತ್ತಿಲ್ಲ. ಬೇಕೆಂದೇ ಬಿಟ್ಟಿದ್ದರೆ ಅವನಿಗಿದ್ದ ಒಂದೇ ಒಂದನ್ನು ನಮ್ಮ ಸಲುವಾಗಿ ಬಿಟ್ಟ ಹಾಗಾಯಿತು. ಉಳಿಯಲಿಲ್ಲ ಎಂದಾದರೆ ಅವನೊಳಗೆ ಗಟ್ಟಿಯಿದ್ದ ಒಂದು ಜಾಗವನ್ನೂ ನಾವಿಬ್ಬರೂ ಸೇರಿ ಕೆಡವಿದೆವು. ಯಾವುದಿರಲಿ ಎಂದು ದೇವರನ್ನು ಬೇಡಿಕೊಳ್ಳಬೇಕೋ ಅದೂ ಗೊತ್ತಾಗುತ್ತಿಲ್ಲ. ಕಾರಿನಲ್ಲಿ ಅವನನ್ನೇ ಕೇಳಿದೆ. ಕಿಟಕಿಯ ಕಡೆ ಮುಖ ತಿರುಗಿಸಿದ.

ಕಾರು ಹೈವೇ ಹತ್ತಿದ ಮೇಲೆ ಒಮ್ಮೆ ಮಾತಾಡಿದ. ಇಪ್ಪತ್ತೈದು ವರ್ಷದವನು, ಆರಡಿ ಆಳು, ಸಣ್ಣ ಹುಡುಗನ ಹಾಗೆ ನನ್ನ ತೋಳು ಹಿಡಿದುಕೊಂಡ.

“ಅವ್ವಾ, ನಾ ಫೇಲ್ ಆದೆ ಅಂತ ಮಾಮಾಗ ಹೇಳಬ್ಯಾಡ. ಪ್ಲೀಸ್. ಅವರಿಗೆ ಭಾಳ ಬ್ಯಾಸರ ಆಗತೈತಿ.”

ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಇವತ್ತು ಸಂಜೆ ಅವನು ನಿನಗೆ ಫೋನ್ ಮಾಡುತ್ತಾನಂತೆ. ಎತ್ತು. ಏನೂ ಗೊತ್ತಿಲ್ಲದವನ ಹಾಗೆ ಮಾತಾಡು. ಪಾಸೇ ಎಂದು ಮಾತ್ರ ಕೇಳಬೇಡ.

ರಾಜಿ